ಕಲ್ಯಾಣಿ ಇವತ್ತು ಒದೆಯಬೇಕು

ಚಾಮರಾಜಪೇಟೆಯ ಆ ಗಲ್ಲಿಗೆ ಹಾಲಿನವನು ಇನ್ನೂ ಬಂದಿಲ್ಲ. ಮೂಲೆಯ ಅಣ್ಣಮ್ಮನ ಗುಡಿಯಲ್ಲಿ ರಾತ್ರಿ ಹಚ್ಚಿದ ದೀಪ ಕೊನೆಯ ಎಣ್ಣೆ ಹೀರುತ್ತಿದೆ. ಆ ದೀಪಕ್ಕೆ ಕೈಮುಗಿದು, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ಅಂಜಮ್ಮ ಲಾಯದ ತಗಡಿನ ಬಾಗಿಲು ಸರಿಸುತ್ತಾರೆ. ಒಳಗಿನ ಕತ್ತಲೆಗೆ ಹೇಳುತ್ತಾರೆ: "ಏಳಪ್ಪಾ ಮದ್ವೆಗಂಡೇ. ಹೆಣ್ಣು ನೋಡೋ ಹೊತ್ತಾಯ್ತು."

ಮದುವೆಗಂಡು ಆಕಳಿಸಿಕೊಂಡು ಹೊರಗೆ ಬರುತ್ತಾನೆ. ಹೆಸರು ಪುಟ್ಸಾಮಿ. ಒಂದು ಕಾಲಕ್ಕೆ ಜಟಕಾ ಎಳೆಯುತ್ತಿದ್ದ ನಾಟಿ ತಳಿಯ ಗಂಡುಕುದುರೆ. ಕಂದು ಮೈ, ಹಣೆಯಲ್ಲಿ ಬಿಳಿ ನಾಮ, ಮುಂದೆ ಬಂದ ಹೊಟ್ಟೆ. ಎತ್ತರ ಅಂಜಮ್ಮನ ಭುಜಕ್ಕೆ ಬಂದರೆ ಹೆಚ್ಚು. ಗತ್ತು ಮಾತ್ರ ಪಲ್ಲಕ್ಕಿಯಲ್ಲಿ ಕೂತವರದು.

ಪುಟ್ಸಾಮಿಯ ಉದ್ಯೋಗ ದಿನಾ ಬೆಳಿಗ್ಗೆ ಹೆಣ್ಣು ನೋಡುವುದು. ನೋಡುವುದು ಮಾತ್ರ. ಲಾಯದ ಆಚೆ ಸಾಲಿನಲ್ಲಿ ಮೂರು ಹೆಣ್ಣುಕುದುರೆಗಳಿವೆ: ಭೈರವಿ, ಶಂಕರಾಭರಣ, ಕಲ್ಯಾಣಿ. ಅಡೆತಡೆ ಹಾರುವ ಪಂದ್ಯಗಳಿಗೆಂದು ಬೆಳೆಸಿದ, ವಿದೇಶಿ ತಂದೆಗೆ ಹುಟ್ಟಿದ, ಉದ್ದ ಕಾಲಿನ ಅಕ್ಕತಂಗಿಯರು. ಅಂಜಮ್ಮ ಹಗ್ಗ ಹಿಡಿದು ಪುಟ್ಸಾಮಿಯನ್ನು ಒಬ್ಬೊಬ್ಬಳ ಮುಂದೆಯೂ ನಿಲ್ಲಿಸುತ್ತಾರೆ. ನಡುವೆ ಎದೆಮಟ್ಟದ ಅಡ್ಡಹಲಗೆ. ಅವನು ಕತ್ತು ಚಾಚಿ ಕೆನೆಯುತ್ತಾನೆ. ಹೆಣ್ಣು ಬೆದೆಗೆ ಬಂದಿದ್ದರೆ ಬಾಲ ಎತ್ತಿ, ಹಲಗೆಗೆ ಒರಗಿ ಸುಮ್ಮನೆ ನಿಲ್ಲುತ್ತದೆ. ಬಂದಿಲ್ಲದಿದ್ದರೆ, ಇಲ್ಲವೇ ಆಗಲೇ ಗಬ್ಬವಾಗಿದ್ದರೆ, ಕಿವಿ ಹಿಂದಕ್ಕೆ ಮಡಚಿ ಫಡಾರನೆ ಒದೆಯುತ್ತದೆ. ನೋಡಿದ್ದನ್ನು ಅಂಜಮ್ಮ ಡಾಕ್ಟರಿಗೆ ಫೋನಿನಲ್ಲಿ ತಿಳಿಸುತ್ತಾರೆ. ಬಾಲ ಎತ್ತಿದವಳಿದ್ದರೆ ಡಾಕ್ಟರು ಬಂದು, ಜರ್ಮನಿಯ ದೊಡ್ಡ ಕುದುರೆಯೊಂದರ ಹೆಪ್ಪುಗಟ್ಟಿಸಿದ ವೀರ್ಯದ ಕಡ್ಡಿಯನ್ನು ಕರಗಿಸಿ ಹಾಕಿ ಹೋಗುತ್ತಾರೆ. ಪುಟ್ಸಾಮಿಗೆ ಒಂದು ಚೂರು ಬೆಲ್ಲ, ಒಂದು ಬೊಗಸೆ ನೆನೆಸಿದ ಹುರುಳಿ.

"ಹೆಣ್ಣು ನೋಡೋಕೆ ಹೋದೋರಿಗೆ ಉಪ್ಪಿಟ್ಟು ಕೇಸರಿಬಾತು ಕೊಡಲ್ವಾ, ಹಂಗೆ," ಎನ್ನುತ್ತಾರೆ ಅಂಜಮ್ಮ. "ನಮ್ಮ ಹುಡುಗ ಬರೀ ಉಪ್ಪಿಟ್ಟು ತಿನ್ಕೊಂಡೇ ವಯಸ್ಸು ಕಳೆದ. ಮದ್ವೆ ಊಟ ಯಾವತ್ತೂ ಬೇರೆಯೋರ್ದೇ."

ಇವತ್ತಿನ ಬೆಳಗು ಹಾಗಲ್ಲ. ಮೂರು ವಾರದ ಹಿಂದೆ ಕಲ್ಯಾಣಿಗೆ ಹಾಕಿದ್ದು ಜರ್ಮನಿಯದಲ್ಲ, ಪುಟ್ಸಾಮಿಯದು. ಅದು ನಿಂತಿದ್ದರೆ ಕಲ್ಯಾಣಿ ಇವತ್ತು ಅವನಿಗೆ ಒದೆಯಬೇಕು. ಬಾಲ ಎತ್ತಿದಳೋ, ಮುಗಿಯಿತು: ಪುಟ್ಸಾಮಿಯ ಬೀಜ ಒಡೆಸಿ, ಊರಾಚೆ ಮುದಿ ಪ್ರಾಣಿಗಳನ್ನು ಸಾಕುವ ಆಶ್ರಮಕ್ಕೆ ಬಿಡುವುದೆಂದು ಮಾತಾಗಿದೆ. ಸೊಸೆ ಒದೆಯಲಿ ತಾಯಿ ಎಂದು ಅಣ್ಣಮ್ಮನಿಗೆ ಹರಕೆ ಹೊತ್ತ ಗಂಡಿನ ಕಡೆಯವರು ಈ ಊರಿನಲ್ಲಿ ಅಂಜಮ್ಮ ಒಬ್ಬರೇ ಇರಬೇಕು.

ಡಾಕ್ಟರ್ ಪ್ರಿಯಂವದಾ ಅವರು ಕುಮಾರ ಪಾರ್ಕಿನಿಂದ ಸ್ಕೂಟರಿನಲ್ಲಿ ಬರುವವರೆಗೆ ಕಲ್ಯಾಣಿಯ ಮುಂದೆ ಹೋಗುವಂತಿಲ್ಲ. ಅವರು ಸ್ಕ್ಯಾನಿಂಗ್ ಮಾಡಿ ವಾರದ ಹಿಂದೆಯೇ ಹೇಳಿಬಿಡುತ್ತಿದ್ದರು. ಅಂಜಮ್ಮನೇ ಬೇಡವೆಂದಿದ್ದಾರೆ. "ಅವ್ನ ಹೆಂಡ್ತಿ ಸುದ್ದಿ ಮೊದ್ಲು ಅವ್ನಿಗೆ ಗೊತ್ತಾಗ್ಲಿ. ಆಮೇಲೆ ನಿಮ್ಮ ಟೀವಿ." ಹಾಗಾಗಿ ಭೈರವಿ, ಶಂಕರಾಭರಣರ ದರ್ಶನ ಮುಗಿಸಿ, ಅಂಜಮ್ಮ ಕಲ್ಲುತೊಟ್ಟಿಯ ಅಂಚಿನಲ್ಲಿ ಕೂತು ಎಲೆಯಡಿಕೆ ಚೀಲ ಬಿಚ್ಚುತ್ತಾರೆ.

ಗೋಡೆಯ ಮೇಲೆ ಬುದ್ಧನ ಕ್ಯಾಲೆಂಡರು. ಅದರ ಪಕ್ಕದ ಮೊಳೆಗೆ ಗಂಡ ಹನುಮಂತಯ್ಯನವರ ಜಟಕಾ ಚಾವಟಿ. ಚಾವಟಿಗೆ ದಿನಾ ಒಂದು ಹೂವು. ಅಂಜಮ್ಮ ಅದರ ಕಡೆ ಗದ್ದ ಎತ್ತುತ್ತಾರೆ: "ಅವರು ನಮ್ಮ ಸೋದರಮಾವನೇ. ಅಮ್ಮನ ತವರಿಗೇ ಸೊಸೆಯಾಗಿ ಬಂದೆ. ನಮ್ಮ ಮಾವ ಅಂದ್ರೆ ನಮ್ಮ ತಾತನೂ ಅವ್ರೇ. ಬೈಸ್ಕೊಂಡಾಗ ಮಾತ್ರ ಇವತ್ತು ಮಾವ ಬೈದ್ರೋ ತಾತ ಬೈದ್ರೋ ಅಂತ ಗೊತ್ತಾಗ್ತಿರ್ಲಿಲ್ಲ."

ಆಗ ಈ ಲಾಯದ ತುಂಬ ಕುದುರೆಗಳಿದ್ದವಂತೆ. ಆಟೋಗಳು ಬಂದವು, ಜಟಕಾಗಳು ಹೋದವು. ಗಾಡಿಯ ಗಾಲಿ ಗುಜರಿಗೆ ಹೋಯಿತು. ಕುದುರೆ ಕೊಡಲು ಮನಸ್ಸು ಬರಲಿಲ್ಲ. ಒಂದೊಂದಾಗಿ ವಯಸ್ಸಾಗಿ ಹೋಗಿ, ಹನುಮಂತಯ್ಯನವರೂ ಹೋಗಿ, ಆ ಬೀಜದಲ್ಲಿ ಉಳಿದವನು ಪುಟ್ಸಾಮಿ ಒಬ್ಬನೇ. ಅವನಿಗೂ ಮರಿಯಿಲ್ಲ. ಅಂಜಮ್ಮನ ಚಿಂತೆ ಇದೊಂದೇ.

ದಿನದ ಕೆಲಸಕ್ಕೆ ಲೆಕ್ಕವಿಲ್ಲ. ಅಕ್ಕಿಪೇಟೆಯಿಂದ ತೌಡು ಬರಬೇಕು. ಚಳಿಗಾಲದಲ್ಲಿ ವಿಶ್ವೇಶ್ವರಪುರಂನ ತಿಂಡಿಬೀದಿಗೆ ಹೋಗಿ ಮೂಟೆಗಟ್ಟಲೆ ಅವರೆಕಾಯಿ ಸಿಪ್ಪೆ ಹೊತ್ತು ತರಬೇಕು. ಊರಿನವರು ಕಾಳು ತಿನ್ನುತ್ತಾರೆ, ಪುಟ್ಸಾಮಿ ಸಿಪ್ಪೆ ತಿನ್ನುತ್ತಾನೆ, ಇಬ್ಬರಿಗೂ ಹೊಟ್ಟೆ ಉಬ್ಬರ. ಲದ್ದಿ ಬಸವನಗುಡಿಯ ತಾರಸಿ ತೋಟಗಳಿಗೆ ಹೋಗುತ್ತದೆ. ನಾಲ್ಕೂ ಕುದುರೆಗಳ ಮೈ ಉಜ್ಜಿ, ಗೊರಸು ಕೆರೆದು ಮುಗಿಸುವ ಹೊತ್ತಿಗೆ ಸರ್ಕಾರಿ ಕಚೇರಿಯಲ್ಲಿ ಗುಮಾಸ್ತೆಯಾಗಿರುವ ಮಗಳು ಜ್ಯೋತಿಲಕ್ಷ್ಮಿ ಸ್ನಾನ ಮಾಡಿ ಹೊರಡುತ್ತಾಳೆ. "ನಿಮ್ಮಮ್ಮ ಏನ್ ಕೆಲ್ಸ ಮಾಡ್ತಾರೆ ಅಂತ ಆಫೀಸಲ್ಲಿ ಕೇಳ್ತಾರೆ," ಎನ್ನುತ್ತಾಳೆ ಅವಳು, ಬಾಚಣಿಗೆ ಹಲ್ಲಲ್ಲಿ ಕಚ್ಚಿಕೊಂಡು. "ಮದ್ವೆ ಬ್ರೋಕರ್ ಅಂದ್ಬಿಟ್ಟಿದೀನಿ. ಈಗ ಮೂರು ಜನ ಜಾತಕ ತಂದ್ಕೊಟ್ಟಿದಾರೆ."

ಹೆಣ್ಣುಕುದುರೆಗಳ ಯಜಮಾನರು ಬಸವನಗುಡಿಯ ರಾಮಾನುಜ. ಊರ ಹೊರಗೆ ಕುದುರೆ ಸವಾರಿ ಕಲಿಸುವ ಶಾಲೆ ನಡೆಸುತ್ತಾರೆ. ಸಂಗೀತದ ಮನೆತನ, ಹುಟ್ಟಿದ ಪ್ರತಿ ಹೆಣ್ಣುಮರಿಗೂ ರಾಗದ ಹೆಸರು. ಗರ್ಭ ಕಟ್ಟಿಸುವ ಕಾಲ ಬಂದಾಗ ಕುದುರೆಗಳು ಲಾರಿಯಲ್ಲಿ ಅಂಜಮ್ಮನ ಲಾಯಕ್ಕೆ ಬರುತ್ತವೆ, ಏಕೆಂದರೆ ಪುಟ್ಸಾಮಿ ಲಾರಿ ಹತ್ತುವುದಿಲ್ಲ. ಇದು ಬಹಳ ವರ್ಷದ ಪದ್ಧತಿ. ಈ ವರ್ಷ ಮಾತ್ರ ರಾಮಾನುಜರು ಹೊಸ ಸ್ಕ್ಯಾನಿಂಗ್ ಯಂತ್ರ ಕೊಂಡರು. ಹೆಣ್ಣಿನ ಮನಸ್ಸು ತಿಳಿಯಲು ಇನ್ನು ಗಂಡು ಬೇಕಿಲ್ಲ, ಯಂತ್ರವೇ ಹೇಳುತ್ತದೆ. ಕೆಲಸವಿಲ್ಲದ ಗಂಡುಕುದುರೆಗೆ ಪೇಟೆಯ ನಡುವೆ ಜಾಗವೆಲ್ಲಿ? ಬೀಜ ಒಡೆಸದೆ ಆಶ್ರಮದವರು ಸೇರಿಸುವುದಿಲ್ಲ. ಈ ಸಲದ್ದೇ ಕೊನೆ, ಆಮೇಲೆ ಆಶ್ರಮ: ಪುಟ್ಸಾಮಿಯ ವಿಷಯ ಅಲ್ಲಿಗೆ ಬಂದು ನಿಂತಿತ್ತು. ನಿಂತದ್ದನ್ನು ಅಲುಗಿಸಿದ್ದು ಎರಡು ವೀಳ್ಯದೆಲೆ.

ಜಟಕಾದವರಲ್ಲಿ ಹಿಂದಿನಿಂದ ಒಂದು ಶಾಸ್ತ್ರವಿದೆ. ಹೆಣ್ಣುಗಂಡು ಕೂಡಿಸುವ ಮುಂಚೆ ಎರಡೂ ಕಡೆಯ ಯಜಮಾನರು ಎದುರುಬದುರು ನಿಂತು, ಎಲೆಯಡಿಕೆ ಹಿಡಿದು, "ಯಾವ ಲಾಯ? ಯಾರ ಬೀಜ?" ಎಂದು ಕೇಳಬೇಕು. ಹೇಳಬೇಕು. ಒಂದೇ ಲಾಯದ್ದಾದರೆ ಎಲೆ ಬದಲಾಯಿಸುವಂತಿಲ್ಲ. ಮನುಷ್ಯರಲ್ಲಿ ಬೆಡಗು ಕೇಳುವುದಿಲ್ಲವೇ, ಒಂದೇ ಬೆಡಗಿನವರು ಅಣ್ಣತಂಗಿ ಎಂದು ಬಿಡುವುದಿಲ್ಲವೇ, ಹಾಗೆ. ಗಂಡುಕುದುರೆಯ ಬದಲು ಹೊಗೆಯಾಡುವ ದ್ರವ ಸಾರಜನಕದ ಕ್ಯಾನಿನಲ್ಲಿ ಕಡ್ಡಿ ಬರತೊಡಗಿದ ಮೇಲೂ ಅಂಜಮ್ಮ ಶಾಸ್ತ್ರ ಬಿಟ್ಟಿಲ್ಲ. ಕ್ಯಾನಿನ ಮುಚ್ಚಳದ ಮೇಲೆ ಎಲೆ ಇಡುತ್ತಾರೆ. ಗಂಡಿನ ಪರವಾಗಿ ರಾಮಾನುಜರೇ ನಿಂತು ವಂಶ ಹೇಳುತ್ತಾರೆ. ಪಂಚೆ ಉಟ್ಟು, ಪ್ರವರ ಒಪ್ಪಿಸುವಂತೆ ಕಿವಿ ಮುಟ್ಟಿಕೊಂಡು. ಅವರಿಗೂ ಅದು ಇಷ್ಟ.

ಈ ಅಕ್ಕತಂಗಿಯರ ತಾಯಂದಿರು ಬರುತ್ತಿದ್ದ ಇಷ್ಟು ವರ್ಷ ಹೇಳಿದ ಪ್ರವರ ಒಂದೇ. "ವೋಲ್ಫಾರ್ತ್ ಎಂಬ ಹೆಸರಿನವನು, ಗ್ರೋಸ್ಮನ್ನನ ಮಗ, ಲಿಯೋನಾರ್ಡಾಳ ಗರ್ಭಸಂಜಾತ." ಈ ವೋಲ್ಫಾರ್ತನೇ ಭೈರವಿ, ಶಂಕರಾಭರಣ, ಕಲ್ಯಾಣಿಯರ ತಂದೆ. ಬರೀ ಇವರದಲ್ಲ, ಯಾವ ಯಾವ ದೇಶದಲ್ಲೋ ಅವನಿಗೆ ಮಕ್ಕಳು. ಹಿಂದೆ ಒಂದು ಗಂಡುಕುದುರೆ ನಡೆದು ಹೋಗುವಷ್ಟು ದೂರದವರಿಗೆ ಮಾತ್ರ ಅಳಿಯನಾಗುತ್ತಿತ್ತು. ಈಗ ಕಡ್ಡಿ ವಿಮಾನ ಹತ್ತುತ್ತದೆ. ಕುದುರೆ ಸತ್ತರೂ ಕಡ್ಡಿ ಸಾಯುವುದಿಲ್ಲ. ಒಬ್ಬ ಚೆನ್ನಾಗಿ ಹಾರಿದನೆಂದರೆ ಎಲ್ಲರಿಗೂ ಅವನದೇ ಮರಿ ಬೇಕು. ಹಾಗೆ ಆಗುತ್ತ ಆಗುತ್ತ ಲಾಯಗಳೆಲ್ಲ ಒಂದೇ ಮನೆಯವರಿಂದ ತುಂಬುತ್ತವೆ.

ಡಾಕ್ಟರು ಇದನ್ನು ರಾಮಾನುಜರಿಗೆ ಹೇಳಿ ಹೇಳಿ ಸೋತಿದ್ದರು. ಅಕ್ಕತಂಗಿಯರಿಗೆ ಹೊರಗಿನ ರಕ್ತ ಬೇಕು, ಒಂದೇ ರಕ್ತ ಮತ್ತೆ ಮತ್ತೆ ಸೇರಿದರೆ ಅಡಗಿ ಕೂತ ದೋಷಗಳು ಜೋಡಿಯಾಗಿ ಎದ್ದು ಬರುತ್ತವೆ ಎಂದು. ರಾಮಾನುಜರು ತಲೆದೂಗಿ, ಕೊನೆಗೂ ಏಜೆಂಟನ ಮೂಲಕ ಹೊಸ ಗಂಡು ಗೊತ್ತು ಮಾಡಿದರು. ಕಡ್ಡಿ ಬಂದ ಮರುದಿನವೇ ಪುಟ್ಸಾಮಿ ಕೆನೆದ, ಕಲ್ಯಾಣಿ ಬಾಲ ಎತ್ತಿದಳು. ಡಾಕ್ಟರು ಬಂದರು. ಅಂಜಮ್ಮ ಕ್ಯಾನಿನ ಮೇಲೆ ಎಲೆ ಇಟ್ಟು ಕೇಳಿದರು: "ಯಾವ ಲಾಯ? ಯಾರ ಬೀಜ?"

ರಾಮಾನುಜರು ಕಿವಿ ಮುಟ್ಟಿಕೊಂಡರು. "ಆಸ್ಟ್ರಿಯೋ ಎಂಬ ಹೆಸರಿನವನು, ಗ್ರೋಸ್ಮನ್ನನ ಮಗ, ಲಿಯೋನಾರ್ಡಾಳ ಗರ್ಭ..."

ಅಲ್ಲಿಗೆ ಅವರ ನಾಲಗೆಯೇ ತಡವರಿಸಿತು.

"ಸಾರ್, ಅದು ಕಲ್ಯಾಣಿ ತಾತ ಅಜ್ಜಿ ಹೆಸ್ರಲ್ವಾ?" ಎಂದರು ಅಂಜಮ್ಮ.

"ಇರಬಹುದು. ದೊಡ್ಡ ಮನೆತನ ಅಲ್ವೇ, ಸ್ವಲ್ಪ ಸಂಬಂಧ ಇರತ್ತೆ," ಎಂದು ರಾಮಾನುಜರು ಕ್ಯಾನಿನ ಕಡೆ ನೋಡಿದರು. "ನಿಮ್ಮಲ್ಲೂ ನಮ್ಮಲ್ಲೂ ಸೋದರಮಾವನಿಗೆ ಕೊಡೋದಿಲ್ವೇ?"

"ಸೋದರಮಾವ ತಾಯಿ ಕಡೆ ಸಾರ್. ಇವ್ನು ಅಪ್ಪನ ತಮ್ಮ. ಚಿಕ್ಕಪ್ಪ! ಚಿಕ್ಕಪ್ಪಂಗೆ ಯಾರಾದ್ರೂ ಹೆಣ್ಣು ಕೊಡ್ತಾರಾ?" ಅಂಜಮ್ಮ ಎಲೆ ಎತ್ತಿ ಸೆರಗಿಗೆ ಕಟ್ಟಿಕೊಂಡುಬಿಟ್ಟರು.

"ಕುದುರೆಗಳಿಗೆ ಸೋದರಮಾವನೂ ಒಳ್ಳೇದಲ್ಲ," ಎಂದರು ಡಾಕ್ಟರು.

"ಹಂಗಂದ್ರೆ ನಂದೂ ತಪ್ಪಾ ಡಾಕ್ಟ್ರಮ್ಮಾ?"

ಡಾಕ್ಟರು ಕನ್ನಡಕ ಒರೆಸತೊಡಗಿದರು.

"ನಮ್ಮ ಜ್ಯೋತಿ ಚೆನ್ನಾಗೇ ಹುಟ್ಟಿದ್ಲಮ್ಮ. ಕಿವಿ ಒಂಚೂರು ಮಂದ. ಅದೂ ನಾನು ಕೆಲ್ಸ ಹೇಳ್ದಾಗ ಮಾತ್ರ."

ಡಾಕ್ಟರಿಗೆ ನಗು ಬಂತು, ಆದರೆ ಬೇರೇನೋ ಕೊರೆಯುತ್ತಿತ್ತು. ವೋಲ್ಫಾರ್ತ್ ಮುದುಕ. ಆಸ್ಟ್ರಿಯೋ ಹುಡುಗ. ಇಬ್ಬರ ತಾಯಿ ಸತ್ತು ಎಷ್ಟೋ ವರ್ಷವಾಗಿದೆ. ತಮ್ಮ ಎಲ್ಲಿಂದ ಬಂದ? ಏಜೆಂಟನಿಗೆ ಫೋನ್ ಮಾಡಿ ಎಲ್ಲರಿಗೂ ಕೇಳುವಂತೆ ಇಟ್ಟರು. ಏಜೆಂಟ್ ಬಹಳ ಸಂತೋಷದಿಂದ ಮಾತಾಡಿದ. "ಕರೆಕ್ಟಾಗಿ ಕಂಡುಹಿಡಿದ್ರಿ ಮೇಡಂ! ತಮ್ಮ ಅಲ್ಲ, ಕ್ಲೋನು. ವೋಲ್ಫಾರ್ತ್ ಚರ್ಮದಿಂದ್ಲೇ ತೆಗೆದು ಮಾಡಿರೋದು. ಸೇಮ್ ಟು ಸೇಮ್. ರಾಮಾನುಜ ಸಾರ್‌ಗೆ ವೋಲ್ಫಾರ್ತ್ ಅಂದ್ರೆ ಪ್ರಾಣ ಅಲ್ವಾ, ಅದಕ್ಕೇ ಇದನ್ನೇ ಹುಡುಕಿ ಕೊಟ್ಟೆ."

ಡಾಕ್ಟರು ಫೋನ್ ಇಟ್ಟು ಮೆಲ್ಲಗೆ ಹೇಳಿದರು, "ಚಿಕ್ಕಪ್ಪ ಅಲ್ಲ ಅಂಜಮ್ಮ. ಅಪ್ಪನೇ. ಹೆಸ್ರು ಬೇರೆ ಇಟ್ಕೊಂಡು ಬಂದಿದಾನೆ."

ರಾಮಾನುಜರು ತೌಡಿನ ಮೂಟೆಯ ಮೇಲೆ ಕುಸಿದು ಕೂತರು. ಡಾಕ್ಟರು ವರ್ಷವಿಡೀ ಹೇಳಿದ ವಿಜ್ಞಾನ ಅವರ ಒಂದು ಕಿವಿಯಲ್ಲಿ ಹೊಕ್ಕು ಇನ್ನೊಂದರಲ್ಲಿ ಹೋಗಿತ್ತು. ಗೋತ್ರದ ಮಾತು ನೇರ ಹೊಟ್ಟೆಗಿಳಿಯಿತು. "ನಾರಾಯಣ! ನಾನೇ ಎಲೆ ಹಿಡ್ಕೊಂಡು ನಿಂತಿದ್ನಲ್ಲಮ್ಮ," ಎಂದರು.

ಮುಹೂರ್ತದ ಹೊತ್ತಿಗೆ ಗಂಡಿನ ಬಣ್ಣ ಬಯಲಾಗಿ, ಚಪ್ಪರದಲ್ಲಿ ಊಟಕ್ಕೆ ಕೂತಿದ್ದ ಯಾವನನ್ನೋ ಎಬ್ಬಿಸಿ ಹಸೆಮಣೆ ಹತ್ತಿಸಿದ ಮದುವೆಗಳ ಕಥೆಗಳು ಹಳ್ಳಿಗಳಲ್ಲಿ ಬೇಕಾದಷ್ಟಿವೆ. ಅವತ್ತು ಇಲ್ಲೂ ಅದೇ: ಕಲ್ಯಾಣಿ ಬಾಲ ಎತ್ತಿ ನಿಂತಿದ್ದಾಳೆ. ಎಲೆಯಿದೆ, ಗಂಡಿಲ್ಲ. ಬೇರೆ ಕಡ್ಡಿ ತರಿಸುವಷ್ಟರಲ್ಲಿ ಬೆದೆ ಇಳಿದುಹೋಗುತ್ತದೆ. ಮೂವರೂ ಒಟ್ಟಿಗೆ ತಿರುಗಿ ನೋಡಿದರು. ಪುಟ್ಸಾಮಿ ಮೂಲೆಯಲ್ಲಿ ಬೆಲ್ಲ ಮೆಲ್ಲುತ್ತಿದ್ದ.

"ಬೇಡ," ಎಂದರು ರಾಮಾನುಜರು.

"ಹೊರಗಿನ ರಕ್ತ ಸಾರ್. ಇದಕ್ಕಿಂತ ಹೊರಗಿನದು ಸಿಗಲ್ಲ," ಎಂದರು ಡಾಕ್ಟರು. "ಮರಿ ಅಷ್ಟು ಎತ್ತರ ಹಾರದೇ ಇರಬಹುದು. ಗೊರಸು ಗಟ್ಟಿ ಇರತ್ತೆ, ಸ್ವಭಾವ ತಣ್ಣಗಿರತ್ತೆ. ನಿಮ್ಮ ಶಾಲೆ ಮಕ್ಕಳಿಗೆ ಅಂಥದ್ದೇ ಬೇಕಲ್ವಾ?"

"ಜಟಕಾ ಕುದುರೆಗೆ ಕಲ್ಯಾಣೀನ ಕೊಡೋದಾ!"

ಅಂಜಮ್ಮ ಸೆರಗಿನ ಗಂಟು ಬಿಚ್ಚಿ ಅದೇ ಎಲೆಯನ್ನು ಎರಡು ಕೈಯಲ್ಲೂ ಹಿಡಿದರು. "ಹೆಣ್ಣು ಕೇಳ್ತಿದೀನಿ ಸಾರ್. ಹುಡುಗ ಕುಳ್ಳ, ನಿಜ. ಕುಡಿಯಲ್ಲ, ಕಚ್ಚಲ್ಲ, ಹೆಸ್ರು ಬದಲಾಯಿಸ್ಕೊಂಡು ಬಂದಿಲ್ಲ. ನಮ್ಮ ಲಾಯದೋನು, ನಮ್ಮ ಮಾವನ ಬೀಜ. ಇದಕ್ಕಿಂತ ಹೇಳೋಕೆ ನನ್ ಹತ್ರ ಏನೂ ಇಲ್ಲ."

ರಾಮಾನುಜರು ಎದ್ದು ಹೋಗಿ ಕಲ್ಯಾಣಿಯ ಕತ್ತು ಸವರಿದರು. ಕೊನೆಗೆ ಹೇಳಿದರು: ಒಂದೇ ಒಂದು ಸಲ. ನಿಂತರೆ ಪುಟ್ಸಾಮಿ ಇಲ್ಲೇ ಇರಲಿ, ಕುದುರೆಗಳೂ ಎಂದಿನಂತೆ ಇಲ್ಲಿಗೇ ಬರಲಿ. ನಿಲ್ಲದಿದ್ದರೆ ಆಶ್ರಮ. ಅಂಜಮ್ಮ ಒಪ್ಪಿದರು. ಎಲೆ ಬದಲಾಯಿತು.

ಅಡ್ಡಹಲಗೆ ಮೊದಲ ಸಲ ತೆರೆಯಿತು. ಪುಟ್ಸಾಮಿ ಒಳಗೆ ಹೆಜ್ಜೆಯಿಟ್ಟ. ಕಲ್ಯಾಣಿಯನ್ನು ನೋಡಿದ. ಒಂದು ಸಲ ಗಟ್ಟಿಯಾಗಿ ಕೆನೆದ. ಆಮೇಲೆ ಘನತೆಯಿಂದ ಹಿಂದಿರುಗಿ, ಬೆಲ್ಲದ ಡಬ್ಬಿಯ ಮುಂದೆ ಹೋಗಿ ನಿಂತ. ನೋಡಿದ್ದಾಯಿತಲ್ಲ, ಇನ್ನು ಉಪ್ಪಿಟ್ಟು ಕೊಡಿ ಎಂಬಂತೆ. ಮತ್ತೆ ಒಳಗೆ ಬಿಟ್ಟರು, ಮತ್ತೆ ಡಬ್ಬಿಯ ಮುಂದೆ ಬಂದ. ಡಬ್ಬಿ ಬಚ್ಚಿಟ್ಟರು, ಹುಡುಕಿಕೊಂಡು ಹೊರಟ. "ಅಯ್ಯೋ ದಡ್ಡ ಮುಂಡೇದೇ, ಇವತ್ತು ಊಟಾನೇ ನಿಂದು ಕಣೋ!" ಎಂದು ಅಂಜಮ್ಮ ಹಣೆ ಚಚ್ಚಿಕೊಂಡರು. ಮೇಲಿನ ಕಿಟಕಿಯಿಂದ ಪಕ್ಕದ ಮನೆಯ ಜಾನಕಮ್ಮ, "ಅಭ್ಯಾಸ ತಪ್ಪಿ ಹೋಗಿದೆ ಪಾಪ," ಎಂದರು.

ಕೊನೆಗೆ ಡಾಕ್ಟರೇ ತೋಳು ಮಡಚಿದರು. ಜರ್ಮನಿಯಲ್ಲಿ ವೋಲ್ಫಾರ್ತನಿಂದ ಹೇಗೆ ಸಂಗ್ರಹಿಸುತ್ತಾರೋ ಅದೇ ವಿಧಾನ, ಅದೇ ಬಗೆಯ ಸಲಕರಣೆ. ಹೆಚ್ಚಿನ ವಿವರ ಭಾನುವಾರದ ಪುರವಣಿಗೆ ಒಗ್ಗುವುದಿಲ್ಲ. ಅರ್ಧ ಅವತ್ತೇ ಕಲ್ಯಾಣಿಗೆ ಹೋಯಿತು. ಉಳಿದದ್ದನ್ನು ಕಡ್ಡಿಗಳಲ್ಲಿ ತುಂಬಿ, ಹೆಪ್ಪುಗಟ್ಟಿಸಿ, ವೋಲ್ಫಾರ್ತನ ಪಕ್ಕದಲ್ಲೇ ಇಟ್ಟಿದ್ದಾರೆ. "ಕಡ್ಡಿದೇನೂ ತಪ್ಪಿಲ್ಲ," ಎನ್ನುತ್ತಾರೆ ಡಾಕ್ಟರು. "ಒಬ್ಬನ್ನೇ ಲೋಕಕ್ಕೆಲ್ಲ ಹಂಚೋಕೂ ಅದೇ ಬೇಕು, ಉಳಿದಿರೋ ಒಬ್ಬನ್ನ ಉಳಿಸ್ಕೊಳ್ಳೋಕೂ ಅದೇ ಬೇಕು."

ಅಂಜಮ್ಮ ಇದನ್ನೇ ತಮ್ಮ ರೀತಿಯಲ್ಲಿ ಹೇಳುತ್ತಾರೆ. "ಊರಲ್ಲಿ ಒಬ್ಬ ಚೆನ್ನಾಗಿ ನಗಾರಿ ಹೊಡೀತಾನೆ ಅಂತ ಎಲ್ರ ಕೈಗೂ ನಗಾರಿ ಕೊಟ್ರೆ, ದೇವ್ರನ್ನ ಹೊರೋರು ಯಾರು? ಕುಳ್ಳರೂ ಒಬ್ಬಿಬ್ರು ಬೇಕು. ಪಲ್ಲಕ್ಕಿ ಕೆಳಗೆ ತೂರಿ ಬೆಣೆ ಹಾಕೋಕೆ."

ಗಲ್ಲಿಯ ತಿರುವಿನಲ್ಲಿ ಸ್ಕೂಟರಿನ ಸದ್ದಾಗುತ್ತದೆ. ಅದರ ಹಿಂದೆಯೇ ರಾಮಾನುಜರ ಕಾರು. ಅಂಜಮ್ಮ ಚಾವಟಿಯ ಮೇಲಿನ ಹೂವನ್ನು ಮುಟ್ಟಿ ಕಣ್ಣಿಗೊತ್ತಿಕೊಂಡು, ಹಗ್ಗ ಹಿಡಿದು ಕಲ್ಯಾಣಿಯ ಮುಂದೆ ಹೋಗುತ್ತಾರೆ.

ಕಲ್ಯಾಣಿ ಹುಲ್ಲು ಅಗಿಯುತ್ತಿದ್ದಾಳೆ. ಪುಟ್ಸಾಮಿ ಹಲಗೆಯ ಮೇಲೆ ಗದ್ದವಿಟ್ಟು ನೋಡುತ್ತಾನೆ. ಅವಳು ಅಗಿಯುವುದನ್ನು ನಿಲ್ಲಿಸುತ್ತಾಳೆ. ಬಾಲ ಸ್ವಲ್ಪ ಮೇಲೇಳುತ್ತದೆ.

ಅಂಜಮ್ಮ ಹಗ್ಗವನ್ನು ಕೈಗೆ ಇನ್ನೊಂದು ಸುತ್ತು ಸುತ್ತಿಕೊಳ್ಳುತ್ತಾರೆ. ರಾಮಾನುಜರು ಬೇರೆ ಕಡೆ ತಿರುಗುತ್ತಾರೆ.

"ನೊಣ, ನೊಣ," ಎಂದು ಡಾಕ್ಟರು ಪಿಸುಗುಡುತ್ತಾರೆ.

ಬಾಲ ನೊಣ ಓಡಿಸಿ ಕೆಳಗಿಳಿಯುತ್ತದೆ. ಪುಟ್ಸಾಮಿ ಎದೆಯುಬ್ಬಿಸಿ ಕೆನೆಯುತ್ತಾನೆ. ಕಲ್ಯಾಣಿಯ ಕಿವಿಗಳು ಹಿಂದಕ್ಕೆ ಮಡಚಿಕೊಳ್ಳುತ್ತವೆ. ಮರುಕ್ಷಣ ಹಲಗೆಗೆ ಬಿದ್ದ ಒದೆತಕ್ಕೆ ತಗಡಿನ ಬಾಗಿಲು ನಡುಗಿ, ಹುರುಳಿಯ ಬಕೆಟ್ಟು ಉರುಳಿ, ಪುಟ್ಸಾಮಿ ನಾಲ್ಕು ಹೆಜ್ಜೆ ಹಿಂದೆ ಹಾರುತ್ತಾನೆ.

"ಒದ್ಲು! ನನ್ ತಾಯಿ, ಒದ್ಲು!"

ಮೇಲಿನ ಕಿಟಕಿ ತೆರೆಯುತ್ತದೆ. "ಏನ್ರೀ ಅಂಜಮ್ಮ ಅದು ಸದ್ದು?"

"ಸೊಸೆ ಒದ್ಲು ಕಣಮ್ಮಾ!"

"ಅಯ್ಯೋ ಪಾಪ!"

"ಪಾಪ ಅಲ್ಲಮ್ಮ, ಪುಣ್ಯ!"

ಆಮೇಲಷ್ಟೇ ಡಾಕ್ಟರ ಟೀವಿ. ಪರದೆಯ ಬೂದಿ ಬಣ್ಣದಲ್ಲಿ ನೇರಳೆಹಣ್ಣಿನಷ್ಟು ಕಪ್ಪು ಗುಂಡು. ಡಾಕ್ಟರು ಬೆರಳಿಟ್ಟು ತೋರಿಸುತ್ತಾರೆ. ರಾಮಾನುಜರು ಬಗ್ಗಿ ನೋಡಿ, ಕನ್ನಡಕ ಸರಿಮಾಡಿಕೊಂಡು ಮತ್ತೆ ನೋಡುತ್ತಾರೆ. "ಏನ್ ಬೀಗಿತ್ತಿ," ಎನ್ನುತ್ತಾರೆ. ಆ ಕರೆ ಅವರ ಬಾಯಿಂದ ಬಂದದ್ದು ಇದೇ ಮೊದಲು. "ಮರಿಗೆ ಯಾವ ರಾಗ ಇಡೋಣ?"

ಅಂಜಮ್ಮ ಕೆಳಗೆ ಕೂತು ಚೆಲ್ಲಿದ ಹುರುಳಿಯನ್ನು ಒಂದೊಂದೇ ಬೊಗಸೆ ಬಕೆಟ್ಟಿಗೆ ತುಂಬುತ್ತಿದ್ದಾರೆ. ಪುಟ್ಸಾಮಿ ಏನೂ ಆಗದವನಂತೆ ಬಂದು ಅವರ ಹೆಗಲಿಗೆ ಮೂತಿ ತಾಗಿಸಿ ಬೆಲ್ಲ ಕೇಳುತ್ತಾನೆ. ಎರಡು ಚೂರು ಸಿಗುತ್ತದೆ.

"ರಾಗ ನಿಮ್ಗೇ ಬಿಟ್ಟಿದ್ದು ಸಾರ್. ಹೆಣ್ಣಾಗ್ಲಿ ಗಂಡಾಗ್ಲಿ, ಹಾರ್ಲಿ ಬಿಡ್ಲಿ, ನಂದೇನಿಲ್ಲ. ಅದು ದೊಡ್ಡದಾದ್ಮೇಲೆ ಯಾರಾದ್ರೂ ಸಂಬಂಧ ಕೇಳ್ಕೊಂಡು ಬಂದು, ಎಲೆ ಹಿಡ್ಕೊಂಡು, 'ಯಾವ ಲಾಯ?' ಅಂತಾರಲ್ಲ... ಆಗ ಕಿವಿ ಮುಟ್ಕೊಂಡು ನಮ್ಮ ಗಲ್ಲಿ ಹೆಸ್ರು ಹೇಳ್ಬಿಡಿ. ಸಾಕು."